ಪುಣೆಯಲ್ಲಿ ಕಾಲೇಜು ವಾಲಿಬಾಲ್ ತರಬೇತುದಾರರಾಗುವುದು ಹೇಗೆ: ಹೆಜ್ಜೆ ಹೆಜ್ಜೆಯ ಸಮಗ್ರ ಮಾರ್ಗದರ್ಶಿ

ಪುಣೆ, ಪಿಂಪ್ರಿ-ಚಿಂಚ್‌ವಡ್ ಕಡೆ ವಾಲಿಬಾಲ್ ಆಡುವ ಕನ್ನಡದ ಹುಡುಗ ಹುಡುಗಿಯರು ಕಡಿಮೆಯೇನಿಲ್ಲ. ವಿಜಯಪುರ, ಕಲಬುರಗಿ, ಬಾಗಲಕೋಟೆಯಿಂದ ಕೆಲಸ ಅರಸಿ ಬಂದ ಕುಟುಂಬಗಳ ಮಕ್ಕಳಿದ್ದಾರೆ. ಹೋಟೆಲ್ ವ್ಯವಹಾರಕ್ಕೆಂದು ಬಂದು ಇಲ್ಲೇ ನೆಲೆನಿಂತ ಕರಾವಳಿಯವರ ಮಕ್ಕಳಿದ್ದಾರೆ. ಓದು ಮುಗಿದಂತೆ ಕಾಲೇಜಿನ ಆಟವೂ ಮುಗಿಯುತ್ತದೆ. ಆಗ ಬಹಳ ಜನ ಆಟವನ್ನು ಬಿಟ್ಟು ಸಿಕ್ಕ ಕೆಲಸಕ್ಕೆ ಸೇರುತ್ತಾರೆ. ಕೆಲವರು ಮಾತ್ರ ತರಬೇತಿಯನ್ನೇ ವೃತ್ತಿ ಮಾಡಿಕೊಳ್ಳಬೇಕೆಂದು ಬಯಸುತ್ತಾರೆ. ಈ ಬರಹ ಅವರಿಗಾಗಿ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಕಾಲೇಜಿನಲ್ಲಿ ಆಟಗಾರ ನಿಮ್ಮ ಕೈಯಲ್ಲಿರುವುದು ಮೂರು ವರ್ಷ, ಹೆಚ್ಚೆಂದರೆ ನಾಲ್ಕು. ಅದರಲ್ಲೂ ಮಳೆ, ಪರೀಕ್ಷೆ, ಹಬ್ಬದ ರಜೆ ಕಳೆದರೆ ಉಳಿಯುವ ದಿನಗಳು ಕೆಲವೇ. ಆದ್ದರಿಂದ ಇಲ್ಲಿ ಬಾಳಿಕೆ ಬರುವವನು ಎಲ್ಲವನ್ನೂ ಕಲಿಸಲು ಹೊರಡುವ ತರಬೇತುದಾರನಲ್ಲ. ಮೊದಲ ಚೆಂಡನ್ನು, ಅಂದರೆ ಎದುರಾಳಿಯ ಸರ್ವ್ ಆಗಿ ಬರುವ ಚೆಂಡನ್ನು, ಸರಿಯಾಗಿ ಎತ್ತುವುದನ್ನು ಕಲಿಸಿ, ಕಾಗದಪತ್ರವನ್ನೂ ಅಷ್ಟೇ ಅಚ್ಚುಕಟ್ಟಾಗಿ ಇಟ್ಟುಕೊಳ್ಳುವವನು ಉಳಿಯುತ್ತಾನೆ.

ಹುದ್ದೆ ಯಾವುದು ಎಂಬುದನ್ನು ತಿಳಿದುಕೊಳ್ಳಿ

ನಮ್ಮಲ್ಲಿ ‘ವಾಲಿಬಾಲ್ ಮುಖ್ಯ ತರಬೇತುದಾರ’ ಎಂಬ ಹೆಸರಿನ ಕಾಯಂ ಹುದ್ದೆ ಕಾಲೇಜುಗಳಲ್ಲಿ ಸಿಗುವುದು ಅಪರೂಪ. ಕಾಯಂ ಹುದ್ದೆ ಇರುವುದು ಶಾರೀರಿಕ ಶಿಕ್ಷಣ ಮತ್ತು ಕ್ರೀಡಾ ನಿರ್ದೇಶಕರದು. ಕಬಡ್ಡಿಯಿಂದ ಚೆಸ್‌ವರೆಗೆ ಕಾಲೇಜಿನ ಎಲ್ಲ ಆಟಗಳೂ ಅವರ ಜವಾಬ್ದಾರಿ. ಅನುಕೂಲವಿರುವ ಕಾಲೇಜುಗಳು ಒಂದೊಂದು ಆಟಕ್ಕೆ ಪ್ರತ್ಯೇಕ ತರಬೇತುದಾರರನ್ನು ಗೌರವಧನದ ಮೇಲೆ, ಋತುವಿನ ಲೆಕ್ಕದಲ್ಲಿ ನೇಮಿಸಿಕೊಳ್ಳುತ್ತವೆ. ನೀವು ಮೊದಲು ಒಳಗೆ ಹೋಗುವುದು ಈ ಬಾಗಿಲಿನಿಂದ. ನಿರ್ದೇಶಕರ ಹುದ್ದೆ ಆಮೇಲಿನದು; ಅದಕ್ಕೆ ಬೇಕಾದ ಓದು ಬೇರೆ, ಅರ್ಹತೆ ಬೇರೆ.

ಅಮೆರಿಕದಲ್ಲಿ ಇದು ಪೂರ್ಣಾವಧಿ ವೃತ್ತಿ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಮಹಿಳಾ ತಂಡವನ್ನು ರಸ್ ರೋಸ್ 1979ರಿಂದ 2021ರವರೆಗೆ ನಡೆಸಿ ಏಳು ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟರು. 2023ರ ಆಗಸ್ಟ್ 30ರಂದು ನೆಬ್ರಾಸ್ಕಾದಲ್ಲಿ ಕಾಲೇಜು ಹುಡುಗಿಯರ ಒಂದು ವಾಲಿಬಾಲ್ ಪಂದ್ಯ ನೋಡಲು 92,003 ಜನ ಸೇರಿದ್ದರು. ಇವನ್ನು ಓದಿದಾಗ ಮೈ ಜುಮ್ಮೆನ್ನುತ್ತದೆ. ಆದರೆ ನಿಮ್ಮ ಮನೆಯ ಬಾಡಿಗೆ, ಅಕ್ಕಿ ಬೇಳೆಯ ಲೆಕ್ಕವನ್ನು ಇಲ್ಲಿನ ಸ್ಥಿತಿಗೆ ತಕ್ಕಂತೆಯೇ ಹಾಕಿಕೊಳ್ಳಿ.

ಪುಣೆಯನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. 1949ರಲ್ಲಿ ಆರಂಭವಾಗಿ, 2014ರಲ್ಲಿ ಸಾವಿತ್ರಿಬಾಯಿ ಫುಲೆ ಅವರ ಹೆಸರು ಪಡೆದ ಪುಣೆ ವಿಶ್ವವಿದ್ಯಾಲಯದ ವ್ಯಾಪ್ತಿ ಪುಣೆ, ನಾಸಿಕ್ ಮತ್ತು ಹಿಂದೆ ಅಹಮದ್‌ನಗರ ಎನ್ನುತ್ತಿದ್ದ ಅಹಿಲ್ಯಾನಗರ ಜಿಲ್ಲೆಗಳಿಗೆ ಹರಡಿದೆ. ಕಾಲೇಜುಗಳನ್ನು ವಲಯಗಳಾಗಿ ಮಾಡಿಕೊಂಡು ಮೊದಲು ವಲಯದೊಳಗೆ ಅಂತರ ಕಾಲೇಜು ಪಂದ್ಯ, ಆಮೇಲೆ ಅಂತರ ವಲಯ ಪಂದ್ಯ, ಅಲ್ಲಿಂದ ವಿಶ್ವವಿದ್ಯಾಲಯ ತಂಡದ ಆಯ್ಕೆ. ಆ ತಂಡ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಆಶ್ರಯದ ಪಶ್ಚಿಮ ವಲಯ ಪಂದ್ಯಾವಳಿಗೆ ಹೋಗುತ್ತದೆ. ಅಲ್ಲಿ ಗೆದ್ದರೆ ಅಖಿಲ ಭಾರತ ಮಟ್ಟ. ಭುವನೇಶ್ವರದಲ್ಲಿ 2020ರಲ್ಲಿ ಶುರುವಾದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಇದಕ್ಕೂ ಮೇಲಿನ ಮೆಟ್ಟಿಲು. ಈ ಏಣಿಯನ್ನು ಬಾಯಿಪಾಠ ಮಾಡಿಕೊಳ್ಳಿ. ಮಕ್ಕಳಿಗೆ ಮೊದಲ ದಿನವೇ ಅದನ್ನು ಹೇಳಿ. ಎಲ್ಲಿಗೆ ಹೋಗಬಹುದೆಂದು ಗೊತ್ತಿಲ್ಲದವರು ಬೆಳಗಿನ ಆರಕ್ಕೆ ಎದ್ದು ಬರುವುದಿಲ್ಲ.

ಓದು ಮತ್ತು ಪ್ರಮಾಣಪತ್ರ

ಕೇವಲ ಚೆನ್ನಾಗಿ ಆಡಿದವರನ್ನು ಪ್ರಾಂಶುಪಾಲರು ಒಂದು ವರ್ಷ ಇಟ್ಟುಕೊಳ್ಳಬಹುದು. ಮುಂದುವರಿಯಬೇಕಾದರೆ ಪದವಿ ಬೇಕು.

ಶಾರೀರಿಕ ಶಿಕ್ಷಣದ ಪದವಿಯಾದ ಬಿ.ಪಿ.ಎಡ್. ಎರಡು ವರ್ಷದ ಕೋರ್ಸ್. ಶಾಲೆಗಳಲ್ಲಿ ದೈಹಿಕ ಶಿಕ್ಷಕರಾಗಲು ಇದು ಬೇಕು. ಅದರ ಮೇಲೆ ಸ್ನಾತಕೋತ್ತರ ಪದವಿಯಾದ ಎಂ.ಪಿ.ಎಡ್. ಮಾಡಿದರೆ ಕಾಲೇಜಿನ ದಾರಿ ತೆರೆಯುತ್ತದೆ. ಪುಣೆಯಲ್ಲೇ ಗುಲ್ಟೇಕಡಿಯಲ್ಲಿ ಮಹಾರಾಷ್ಟ್ರೀಯ ಮಂಡಳದ ಚಂದ್ರಶೇಖರ ಆಗಾಶೆ ಶಾರೀರಿಕ ಶಿಕ್ಷಣ ಮಹಾವಿದ್ಯಾಲಯವಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಲ್ಲಿನ ಮರಾಠಿಗೆ ಹೆದರುವುದನ್ನು ನೋಡಿದ್ದೇನೆ. ಹೆದರಬೇಡಿ. ಮೈದಾನದ ಮರಾಠಿ ಕೆಲವು ತಿಂಗಳಲ್ಲಿ ಬಾಯಿಗೆ ಬರುತ್ತದೆ. ಬರವಣಿಗೆಯ ಮರಾಠಿಗೆ ಮಾತ್ರ ಕುಳಿತು ಕಲಿಯಬೇಕು, ಏಕೆಂದರೆ ಕಾಲೇಜಿನ ಕಚೇರಿಯ ಪತ್ರ, ಸುತ್ತೋಲೆ, ಕ್ರೀಡಾ ಇಲಾಖೆಯ ಅರ್ಜಿ ಹೆಚ್ಚಾಗಿ ಅದರಲ್ಲೇ ಇರುತ್ತವೆ.

ನಿರ್ದೇಶಕರ ಹುದ್ದೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿ ಕೇಳುವುದು ಇಷ್ಟು: ಶಾರೀರಿಕ ಶಿಕ್ಷಣ ಅಥವಾ ಕ್ರೀಡಾ ವಿಜ್ಞಾನದಲ್ಲಿ ಶೇ. 55 ಅಂಕಗಳ ಸ್ನಾತಕೋತ್ತರ ಪದವಿ, ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ (ರಾಷ್ಟ್ರ ಮಟ್ಟ) ಅಥವಾ ಸೆಟ್ (ರಾಜ್ಯ ಮಟ್ಟ) ತೇರ್ಗಡೆ ಇಲ್ಲವೇ ಪಿಎಚ್.ಡಿ., ಅಂತರ ಕಾಲೇಜು, ಅಂತರ ವಿಶ್ವವಿದ್ಯಾಲಯ ಅಥವಾ ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡಿದ ದಾಖಲೆ, ಜೊತೆಗೆ ದೇಹ ಸಾಮರ್ಥ್ಯ ಪರೀಕ್ಷೆ. ಈ ಪರೀಕ್ಷೆಯಲ್ಲಿ ಮೂವತ್ತು ವರ್ಷದೊಳಗಿನ ಪುರುಷರು 12 ನಿಮಿಷದಲ್ಲಿ 1,800 ಮೀಟರ್ ಕ್ರಮಿಸಬೇಕು. ಅದೇ ವಯಸ್ಸಿನ ಮಹಿಳೆಯರು 8 ನಿಮಿಷದಲ್ಲಿ 1,000 ಮೀಟರ್. ವಯಸ್ಸು ಏರಿದಂತೆ ದೂರ ಕಡಿಮೆಯಾಗುತ್ತದೆ. ಆಡುವವರಿಗೆ ಇದು ದೊಡ್ಡದಲ್ಲ. ಆಟ ಬಿಟ್ಟು ಐದಾರು ವರ್ಷ ಕಳೆದವರಿಗೆ ಮಾತ್ರ ಮೊದಲೇ ಅಭ್ಯಾಸ ಬೇಕು. ಸೆಟ್ ಪರೀಕ್ಷೆಯನ್ನು ಮಹಾರಾಷ್ಟ್ರ ಮತ್ತು ಗೋವಾಗಳಿಗೆ ಒಟ್ಟಾಗಿ ಪುಣೆ ವಿಶ್ವವಿದ್ಯಾಲಯವೇ ನಡೆಸುತ್ತದೆ. ಆದ್ದರಿಂದ ಒಮ್ಮೆ ತೇರ್ಗಡೆಯಾದರೆ ಪಣಜಿಯ ಕಾಲೇಜಿಗೂ ಅರ್ಜಿ ಹಾಕಬಹುದು.

ಇವೆಲ್ಲ ಹುದ್ದೆಗೆ ಬೇಕಾದ ಕಾಗದ. ತರಬೇತಿಯ ವಿದ್ಯೆಗೆ ಬೇರೆ ಕಡೆ ಹೋಗಬೇಕು. ಪಟಿಯಾಲದಲ್ಲಿ 1961ರಲ್ಲಿ ಸ್ಥಾಪನೆಯಾದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾಕ್ಕೆ, ಎಲ್ಲರೂ ಎನ್ಐಎಸ್ ಎಂದು ಕರೆಯುವ ಆ ಕೋರ್ಸಿಗೆ, ಈ ದೇಶದಲ್ಲಿ ಇಂದಿಗೂ ದೊಡ್ಡ ಮರ್ಯಾದೆ ಇದೆ. ಪೂರ್ಣಾವಧಿಗೆ ಬಿಡುವಿಲ್ಲದವರಿಗೆ ಆರು ವಾರದ ಪ್ರಮಾಣಪತ್ರ ಕೋರ್ಸ್ ಇದೆ. ಅಂತರರಾಷ್ಟ್ರೀಯ ವಾಲಿಬಾಲ್ ಒಕ್ಕೂಟದ ಒಂದು, ಎರಡು, ಮೂರನೆಯ ಹಂತದ ತರಬೇತುದಾರರ ಕೋರ್ಸುಗಳೂ ಇವೆ. ನನ್ನನ್ನು ಕೇಳಿದರೆ, ಕೈಯಲ್ಲಿ ಹಣ ಕಡಿಮೆ ಇದ್ದರೆ ಮೊದಲು ಎಂ.ಪಿ.ಎಡ್. ಮುಗಿಸಿ, ನಂತರ ಎನ್ಐಎಸ್‌ಗೆ ಹೋಗಿ. ಒಕ್ಕೂಟದ ಮೊದಲ ಹಂತ ಅದರ ಆಮೇಲೆ ಸಾಕು.

ಸ್ಕೋರ್ ಶೀಟಿನಿಂದ ಆರಂಭಿಸಿ

ತಂಡ ಸಿಗುವ ಮೊದಲು ಮಾಡಬಹುದಾದ ಕೆಲಸಗಳಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಪಂದ್ಯದ ಸ್ಕೋರ್ ಶೀಟ್ ತುಂಬುವುದನ್ನು. ಯುವಕರು ಇದನ್ನು ಗುಮಾಸ್ತಿಕೆ ಎಂದು ದೂರವಿಡುತ್ತಾರೆ. ಆದರೆ ನಾಲ್ಕು ಪಂದ್ಯಾವಳಿಗಳಲ್ಲಿ ಮೇಜಿನ ಮುಂದೆ ಕುಳಿತು ಶೀಟ್ ಬರೆದವರ ಕಣ್ಣಿಗೆ ಆಟ ಬೇರೆಯೇ ರೀತಿ ಕಾಣತೊಡಗುತ್ತದೆ. ಯಾವ ಆಟಗಾರ ಸರ್ವ್‌ಗೆ ಬಂದಾಗ ಸತತ ಐದು ಅಂಕ ಹೋಯಿತು, ಆಟಗಾರರು ಸ್ಥಾನ ಬದಲಿಸುತ್ತ ಹೋಗುವ ಆರು ಸುತ್ತುಗಳಲ್ಲಿ ಯಾವುದರಲ್ಲಿ ತಂಡ ಸಿಕ್ಕಿಬೀಳುತ್ತದೆ ಎಂಬುದು ಆ ಕಾಗದದಲ್ಲಿ ಬರೆದಿಟ್ಟಂತೆ ಇರುತ್ತದೆ. ರಾಜ್ಯ ಸಂಸ್ಥೆ ನಡೆಸುವ ರೆಫ್ರಿ ಪರೀಕ್ಷೆಯನ್ನೂ ಬರೆಯಿರಿ. ಭತ್ಯೆ ಸ್ವಲ್ಪ ಸಿಗುತ್ತದೆ. ಅದಕ್ಕಿಂತ ಹೆಚ್ಚಾಗಿ ಪ್ರತಿ ಕಾಲೇಜಿನ ಕ್ರೀಡಾ ನಿರ್ದೇಶಕರ ಪರಿಚಯವಾಗುತ್ತದೆ. ಕೆಲಸ ಖಾಲಿ ಇದೆ ಎಂಬ ಸುದ್ದಿ ಮೊದಲು ಹೊರಡುವುದು ಆ ಮೇಜಿನ ಸುತ್ತಲಿಂದ.

ಎರಡನೆಯದು, ಅನುಭವಿ ತರಬೇತುದಾರರೊಬ್ಬರ ಕೈಕೆಳಗೆ ಒಂದು ಋತು ಸಹಾಯಕರಾಗಿ ಇರುವುದು. ನೆಟ್ ಕಟ್ಟಿ, ಚೆಂಡಿಗೆ ಗಾಳಿ ಹಾಕಿ, ಸುಣ್ಣದ ಗೆರೆ ಎಳೆಯಿರಿ. ಪುರುಷರಿಗೆ ನೆಟ್ 2.43 ಮೀಟರ್, ಮಹಿಳೆಯರಿಗೆ 2.24 ಮೀಟರ್, ಅಂಕಣ 18ಕ್ಕೆ 9 ಮೀಟರ್, ಚೆಂಡಿನ ತೂಕ 260ರಿಂದ 280 ಗ್ರಾಂ. ಅಳತೆಗೋಲು ಹಿಡಿದು ನೆಟ್ಟಿನ ಮಧ್ಯಭಾಗದಲ್ಲೇ ಎತ್ತರ ನೋಡಿ. ಎಷ್ಟೋ ಮೈದಾನಗಳಲ್ಲಿ ನೆಟ್ ಮಧ್ಯದಲ್ಲಿ ಜೋತು ಬಿದ್ದಿರುತ್ತದೆ. ವರ್ಷವಿಡೀ ಅದರ ಮೇಲಿಂದ ಹೊಡೆದು ಕಲಿತ ಹುಡುಗರು ಬಾಲೇವಾಡಿ ಕ್ರೀಡಾ ಸಂಕೀರ್ಣದಂಥ ಕಡೆಯ ಒಳಾಂಗಣಕ್ಕೆ ಹೋದಾಗ ಹೊಡೆದ ಚೆಂಡುಗಳು ನೆಟ್ಟಿಗೆ ಬಡಿಯುತ್ತವೆ.

ಕನ್ನಡ ಸಂಘಗಳ ನಂಟನ್ನೂ ಬಳಸಿಕೊಳ್ಳಿ. ಪುಣೆಯ ಕನ್ನಡ ಸಂಘ ಶಾಲೆಯನ್ನೂ ಕಾವೇರಿ ಕಾಲೇಜನ್ನೂ ನಡೆಸುತ್ತಿದೆ. ಬಡಾವಣೆಗಳ ಸಣ್ಣ ಸಂಘಗಳು ರಾಜ್ಯೋತ್ಸವದ ಸಮಯದಲ್ಲಿ ಆಟ ಏರ್ಪಡಿಸಿದರೆ ತಾಂತ್ರಿಕ ಹೊಣೆ ನಾನು ಹೊರುತ್ತೇನೆ ಎಂದು ನೀವಾಗಿ ಮುಂದೆ ಬನ್ನಿ.

ಆಟಗಾರರನ್ನು ಆರಿಸುವುದು

ಜುಲೈ ತಿಂಗಳಲ್ಲಿ ಪ್ರವೇಶ ಮುಗಿಯುತ್ತಿದ್ದಂತೆ ಆಯ್ಕೆ ಇಟ್ಟುಕೊಳ್ಳಿ. ಮಳೆ ಇರುತ್ತದೆ, ಸಭಾಂಗಣವೋ ಪಾರ್ಕಿಂಗ್ ಜಾಗವೋ ಕೇಳಿ ಪಡೆಯಿರಿ. ಮೊದಲ ದಿನ ಆಟ ಆಡಿಸಬೇಡಿ. ಗೋಡೆಯ ಪಕ್ಕ ನಿಲ್ಲಿಸಿ, ಬೆರಳ ತುದಿಗೆ ಸೀಮೆಸುಣ್ಣ ಹಚ್ಚಿ, ನಿಂತಲ್ಲಿಂದ ಕೈ ಎಷ್ಟು ಎತ್ತರ ಮುಟ್ಟುತ್ತದೆ, ಓಡಿ ಬಂದು ಹಾರಿದರೆ ಎಷ್ಟು ಮುಟ್ಟುತ್ತದೆ ಎಂದು ಗುರುತು ಹಾಕಿ ಬರೆದುಕೊಳ್ಳಿ. ಮೂರು ತಿಂಗಳ ಬಳಿಕ ಅದೇ ಗೋಡೆಯಲ್ಲಿ ಮತ್ತೆ ಅಳೆದು ತೋರಿಸಿದಾಗ ಮಕ್ಕಳ ಮುಖ ಅರಳುವುದನ್ನು ನೀವೇ ನೋಡುವಿರಿ.

ಎತ್ತರಕ್ಕೆ ಮರುಳಾಗುವುದು ನಮ್ಮವರ ಹಳೆಯ ಚಾಳಿ. ಆರಡಿ ಮೂರಂಗುಲದ ಹುಡುಗ ಸಿಕ್ಕಿದನೆಂದು ತಂಡವನ್ನೆಲ್ಲ ಅವನ ಸುತ್ತ ಕಟ್ಟುತ್ತಾರೆ; ಅವನಿಗೆ ಚೆಂಡು ತಲುಪಿಸುವವರೇ ಇರುವುದಿಲ್ಲ. ನೀವು ಮೊದಲು ಹುಡುಕಬೇಕಾದದ್ದು ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಲಿಫ್ಟರ್‌ನನ್ನು, ಎರಡನೆಯದಾಗಿ ಹಿಂದಿನ ಸಾಲಿನಲ್ಲಿ ಚೆಂಡು ಎತ್ತುವುದಕ್ಕೆಂದೇ ಇರುವ ಲಿಬೆರೊನನ್ನು. ಲಿಫ್ಟರ್ ಆಗಬಲ್ಲವನನ್ನು ಗುರುತಿಸಲು ಅವನ ಬೆರಳು ನೋಡುವುದಕ್ಕಿಂತ ಕಾಲು ನೋಡಿ: ಕೆಟ್ಟ ಚೆಂಡಿನ ಕೆಳಗೆ ಬೇಗ ಹೋಗಿ ನಿಲ್ಲುತ್ತಾನೆಯೇ? ತಪ್ಪಾದಾಗ ಇನ್ನೊಬ್ಬನ ಮುಖ ನೋಡುತ್ತಾನೆಯೇ, ಮುಂದಿನ ಚೆಂಡಿಗೆ ಸಿದ್ಧನಾಗುತ್ತಾನೆಯೇ? ಬೆರಳಿನ ಕೆಲಸವನ್ನು ಮೂರು ವರ್ಷದಲ್ಲಿ ಕಲಿಸಬಹುದು. ಈ ಸ್ವಭಾವವನ್ನು ಕಲಿಸುವುದು ಕಷ್ಟ.

ಮಹಾರಾಷ್ಟ್ರದ ಹಳ್ಳಿಗಳಿಂದಲೂ ನಮ್ಮ ಉತ್ತರ ಕರ್ನಾಟಕದಿಂದಲೂ ಬರುವ ಹಲವರು ಶೂಟಿಂಗ್ ವಾಲಿಬಾಲ್ ಆಡಿದವರು. ಕಣ್ಣು ಚುರುಕು, ಧೈರ್ಯವೂ ಬೇಕಾದಷ್ಟು. ಆದರೆ ಎರಡೂ ಕೈ ಸೇರಿಸಿ ಚೆಂಡನ್ನು ಜೋರಾಗಿ ತಳ್ಳುವ ಅಭ್ಯಾಸ ಮೈಗೆ ಹತ್ತಿರುತ್ತದೆ. ಕರಾವಳಿ ಮನೆಗಳ ಮಕ್ಕಳಲ್ಲಿ ಊರಿನ ಅಂಡರ್‌ಆರ್ಮ್ ವಾಲಿಬಾಲ್ ಆಡಿದವರೂ ಇರುತ್ತಾರೆ; ಅವರ ಮುಂಗೈ ಚೆನ್ನಾಗಿ ಪಳಗಿರುತ್ತದೆ, ಹಾರಿ ಹೊಡೆಯುವುದನ್ನು ಮಾತ್ರ ಮೊದಲಿನಿಂದ ಕಲಿಸಬೇಕು. ಇಬ್ಬರನ್ನೂ ‘ನಿನಗೆ ಬರುವುದಿಲ್ಲ’ ಎಂದು ತಳ್ಳಬೇಡಿ. ಮೊದಲಿನವನಿಗೆ ಕೈ ಮೃದುವಾಗಲು ಒಂದು ಋತು ಕೊಡಿ. ಎರಡನೆಯವನನ್ನು ನೇರವಾಗಿ ಲಿಬೆರೊ ಜಾಗಕ್ಕೆ ಪರೀಕ್ಷಿಸಿ.

ಹನ್ನೆರಡು ಜನರನ್ನು ಆರಿಸುವಾಗ ಮೊದಲ ವರ್ಷದವರು ಕನಿಷ್ಠ ನಾಲ್ವರಿರಲಿ, ಅವರು ಈ ವರ್ಷ ಬೆಂಚಿನಲ್ಲೇ ಕೂರುವವರಾದರೂ ಸರಿ. ಕೊನೆಯ ವರ್ಷದವರಿಂದಲೇ ತುಂಬಿದ ತಂಡ ಒಂದು ಕಪ್ ಗೆದ್ದು ಮರುವರ್ಷ ಮೊದಲ ಸುತ್ತಿನಲ್ಲೇ ಮನೆಗೆ ಬರುತ್ತದೆ.

ಅಭ್ಯಾಸ: ಮೊದಲ ಚೆಂಡು

ಕಾಲೇಜು ಮಟ್ಟದ ಪಂದ್ಯಗಳು ಸೋಲುವುದು ಸ್ಮ್ಯಾಷ್ ಬಾರದೆ ಅಲ್ಲ. ಎದುರಾಳಿಯ ಸರ್ವ್ ಎತ್ತಲಾಗದೆ. ಇದನ್ನು ನಂಬುವುದಿಲ್ಲ ಎಂದಾದರೆ ಯಾವುದೇ ವಲಯ ಪಂದ್ಯದ ಒಂದು ಸೆಟ್ ನೋಡುತ್ತ ಅಂಕ ಹೋದ ಕಾರಣವನ್ನು ಬರೆದುಕೊಳ್ಳಿ. ಹಾಗಾಗಿ ಒಂದೂವರೆ ಗಂಟೆಯ ಅಭ್ಯಾಸದಲ್ಲಿ ನಲವತ್ತು ನಿಮಿಷ ರಿಸೀವ್‌ಗೆ ಕೊಡಿ. ಹುಡುಗರು ಬೇಸರಪಡುತ್ತಾರೆ, ನೆಟ್ ಹತ್ತಿರ ಓಡಿ ಹೊಡೆಯಲು ಹಾತೊರೆಯುತ್ತಾರೆ. ಬಿಡಬೇಡಿ.

ಹೀಗೆ ಕಲಿಸಿ. ಎರಡು ಹೆಬ್ಬೆರಳು ಪಕ್ಕಪಕ್ಕದಲ್ಲಿ ಸಮನಾಗಿರಲಿ, ಮಣಿಕಟ್ಟು ಕೆಳಗೆ ಬಾಗಿರಲಿ, ಮೊಣಕೈ ಬಿಗಿಯಾಗಿರಲಿ. ಚೆಂಡು ತಾಗಬೇಕಾದದ್ದು ಮಣಿಕಟ್ಟಿನ ಮೇಲೆ ಅಲ್ಲ, ಅದಕ್ಕಿಂತ ಸ್ವಲ್ಪ ಮೇಲಿನ ಮುಂಗೈಯ ಚಪ್ಪಟೆ ಭಾಗಕ್ಕೆ. ಹೊಸಬರ ಮುಂಗೈ ನೋಡಿದರೆ ಸಾಕು: ಕೆಂಪು ಗುರುತು ಹೆಬ್ಬೆರಳ ಬುಡದಲ್ಲಿದ್ದರೆ ಕಾಲು ತಡವಾಗಿ ಬಂದಿದೆ, ಕೈ ಮಾತ್ರ ಮುಂದೆ ಚಾಚಿದೆ ಎಂದರ್ಥ. ಎರಡು ಮುಂಗೈಗಳಲ್ಲೂ ಮಧ್ಯಭಾಗ ಸಮನಾಗಿ ಕೆಂಪಾಗಿದ್ದರೆ ಕೆಲಸ ಸರಿಯಾಗಿ ಸಾಗಿದೆ. ಚೆಂಡು ತಾಗುವ ಮೊದಲೇ ಕಾಲು ನಿಂತಿರಬೇಕು. ಓಡುತ್ತಲೇ ಎತ್ತಿದ ಚೆಂಡು ಎಲ್ಲಿಗೋ ಹೋಗುತ್ತದೆ. ಕೈ ಬೀಸುವ ಚಟ ಇದ್ದವರಿಗೆ ಮೊದಲ ವಾರ ಆರು ಮೀಟರ್ ದೂರದಿಂದ ಕೈಯಲ್ಲೇ ಎಸೆದು ಕೊಡಿ, ಎರಡನೆಯ ವಾರ ಬೆಂಚಿನ ಮೇಲೆ ನಿಂತು ನೆಟ್ಟಿನ ಆಚೆಯಿಂದ ಹೊಡೆಯಿರಿ, ಆಮೇಲಷ್ಟೇ ಒಂಬತ್ತು ಮೀಟರಿನ ನಿಜವಾದ ಸರ್ವ್.

ಪ್ರತಿ ರಿಸೀವ್‌ಗೆ ಅಂಕ ಕೊಡಿ. ಲಿಫ್ಟರ್ ಕದಲದೆ ನೆಟ್ಟಿನ ಎಡ, ಮಧ್ಯ, ಬಲ ಮೂರೂ ಕಡೆ ಹೊಡೆಯುವವರಿಗೆ ಚೆಂಡು ಕೊಡುವಂತಿದ್ದರೆ 3, ಎರಡು ಕಡೆಗೆ ಮಾತ್ರ ಸಾಧ್ಯವಾದರೆ 2, ಹೇಗೋ ಎತ್ತಿ ದಾಟಿಸುವಂತಿದ್ದರೆ 1, ನೇರ ಅಂಕ ಹೋದರೆ ಸೊನ್ನೆ. ಆಡದೆ ಕುಳಿತಿರುವ ಹುಡುಗನ ಕೈಗೆ ನೋಟ್‌ಬುಕ್ ಕೊಟ್ಟು ಬರೆಸಿ. ವಾರದ ಸರಾಸರಿ ಗೋಡೆಗೆ ಅಂಟಿಸಿ. ಮಾತಿನಲ್ಲಿ ಬೈದು ಆಗದ ಕೆಲಸವನ್ನು ಆ ಕಾಗದ ಮಾಡುತ್ತದೆ. ಸರಾಸರಿ ಎರಡರ ಹತ್ತಿರ ಬಂದ ಮೇಲೆ ತಂಡದ ಆಟವೇ ಬದಲಾಗುತ್ತದೆ, ಏಕೆಂದರೆ ಆಗ ಮಧ್ಯದ ಹುಡುಗನಿಗೂ ವೇಗದ ಚೆಂಡು ಕೊಡಲು ಸಾಧ್ಯ.

ರಚನೆಯ ವಿಷಯದಲ್ಲಿ ಆತುರ ಬೇಡ. ಐದು-ಒಂದು ಪದ್ಧತಿ, ಅಂದರೆ ಐವರು ಹೊಡೆಯುವವರು ಮತ್ತು ಒಬ್ಬನೇ ಲಿಫ್ಟರ್, ಎಲ್ಲರೂ ಬಯಸುವಂಥದು. ಆದರೆ ಲಿಫ್ಟರ್ ಹಿಂದಿನ ಸಾಲಿನಲ್ಲಿರುವ ಮೂರು ಸುತ್ತುಗಳಲ್ಲಿ ಅವನು ಸರ್ವ್ ಆಗುತ್ತಲೇ ಮುಂದಕ್ಕೆ ಓಡಿ ಬರಬೇಕು; ರಿಸೀವ್ ಗಟ್ಟಿಯಿಲ್ಲದಿದ್ದರೆ ಅಷ್ಟರಲ್ಲಿ ಎಲ್ಲ ಕೆಟ್ಟಿರುತ್ತದೆ. ಹೊಸ ತಂಡಕ್ಕೆ ಮೊದಲ ಋತು ನಾಲ್ಕು-ಎರಡು ಸಾಕು: ಇಬ್ಬರು ಲಿಫ್ಟರ್‌ಗಳಲ್ಲಿ ಯಾವಾಗಲೂ ಒಬ್ಬ ಮುಂದಿನ ಸಾಲಿನಲ್ಲೇ ಇರುತ್ತಾನೆ. ಐವರು ನಿಂತು ಎತ್ತುವ ರಚನೆಯಿಂದ ಶುರುಮಾಡಿ, ಕೈ ಪಳಗಿದ ಮೇಲೆ ಮೂವರಿಗೆ ಇಳಿಸಿ. ಆರೂ ಸುತ್ತುಗಳಲ್ಲಿ ಯಾರ ಪಕ್ಕ ಯಾರು, ಯಾರ ಹಿಂದೆ ಯಾರು ಎಂಬುದನ್ನು ಚೆಂಡಿಲ್ಲದೆ, ನಡೆದು ನಡೆದು ಬಾಯಿಪಾಠವಾಗುವವರೆಗೆ ಮಾಡಿಸಿ. ಸ್ಥಾನದೋಷಕ್ಕೆ, ಅಂದರೆ ಸರ್ವ್ ಆಗುವಾಗ ತಪ್ಪು ಜಾಗದಲ್ಲಿ ನಿಂತದ್ದಕ್ಕೆ, ಕಳೆದುಕೊಂಡ ಅಂಕದಷ್ಟು ನೋವು ಕೊಡುವ ಅಂಕ ಇನ್ನೊಂದಿಲ್ಲ.

ಕೂಗುವ ಮಾತು ತಂಡಕ್ಕೆಲ್ಲ ಒಂದೇ ಇರಲಿ. ಮರಾಠಿ, ಕನ್ನಡ, ಹಿಂದಿ ಆಡುವ ಆರು ಜನರ ನಡುವೆ ಚೆಂಡು ಬಿದ್ದಾಗ ತಡವಾಗುವುದು ಕಾಲಲ್ಲ, ಬಾಯಿ.

ಅರ್ಹತಾ ಪತ್ರ ಮತ್ತು ಕಡತ

ಆಟ ಗೆದ್ದ ತಂಡವನ್ನು ಕಾಗದ ಸೋಲಿಸುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಅಂತರ ಕಾಲೇಜು ಪಂದ್ಯಕ್ಕೆ ಪ್ರತಿ ಆಟಗಾರನ ಅರ್ಹತಾ ಪತ್ರ ಬೇಕು: ಪ್ರವೇಶದ ದಿನಾಂಕ, ಜನ್ಮದಿನಾಂಕ, ಹನ್ನೆರಡನೆಯ ತರಗತಿ ಪಾಸಾದ ವರ್ಷ, ಹಿಂದಿನ ಅಂಕಪಟ್ಟಿ, ಫೋಟೊ, ಪ್ರಾಂಶುಪಾಲರ ಸಹಿ, ಮೊಹರು. ಕರ್ನಾಟಕದಲ್ಲಿ ಪಿಯುಸಿ ಮುಗಿಸಿ ಬಂದ ಮಕ್ಕಳ ಬಗ್ಗೆ ಹೆಚ್ಚಿನ ಎಚ್ಚರ ಬೇಕು. ವಲಸೆ ಪ್ರಮಾಣಪತ್ರ ತಂದುಕೊಡಲು ಅವರು ತಡಮಾಡುತ್ತಾರೆ, ಕೆಲವೊಮ್ಮೆ ಊರಿಗೆ ಹೋಗಿಯೇ ತರಬೇಕಾಗುತ್ತದೆ. ಹೆಸರಿನ ಜೋಡಣೆಯೂ ತೊಡಕು: ನಮ್ಮ ಅಂಕಪಟ್ಟಿಯಲ್ಲಿ ಇನಿಷಿಯಲ್, ಇಲ್ಲಿನ ಅರ್ಜಿಯಲ್ಲಿ ಅಡ್ಡಹೆಸರು ಮೊದಲು, ಆಮೇಲೆ ತನ್ನ ಹೆಸರು, ತಂದೆಯ ಹೆಸರು. ಎಲ್ಲ ದಾಖಲೆಗಳಲ್ಲೂ ಒಂದೇ ರೀತಿ ಬರೆಸಿ. ಆಗಸ್ಟ್ ಮುಗಿಯುವುದರೊಳಗೆ ಒಬ್ಬೊಬ್ಬರಿಗೂ ಒಂದು ಕಡತ ಸಿದ್ಧವಾಗಿರಲಿ. ವಯಸ್ಸಿನ ಮತ್ತು ವರ್ಷದ ಮಿತಿಯನ್ನು ಆ ಸಾಲಿನ ಸುತ್ತೋಲೆಯಲ್ಲೇ ನೋಡಿ, ಹಿರಿಯರ ಬಾಯಿಮಾತನ್ನು ನಂಬಿ ಕೂರಬೇಡಿ.

ಹಾಜರಾತಿಯನ್ನೂ ನೀವೇ ನೋಡಿಕೊಳ್ಳಬೇಕು. ಪಂದ್ಯಕ್ಕೆ ಹೋದ ದಿನಗಳ ಪತ್ರವನ್ನು ಅದೇ ವಾರ ವಿಭಾಗ ಮುಖ್ಯಸ್ಥರಿಗೆ ತಲುಪಿಸಿ. ಪರೀಕ್ಷೆ ಬರೆಯಲಾಗದೆ ವರ್ಷ ಕಳೆದುಕೊಂಡ ಹುಡುಗನ ತಂದೆಗೆ ಉತ್ತರ ಹೇಳಬೇಕಾದವರು ನೀವು.

ಪಂದ್ಯದ ದಿನ

ಇಲ್ಲಿ ಹೆಚ್ಚು ಹೇಳುವುದಿಲ್ಲ. ಇದು ಆಡಿಸುತ್ತ ಕಲಿಯುವ ವಿದ್ಯೆ. ಯಾರು ಯಾವ ಸ್ಥಾನದಲ್ಲಿ ಆಟ ಆರಂಭಿಸುತ್ತಾರೆ ಎಂಬ ಸ್ಥಾನಪಟ್ಟಿಯ ಚೀಟಿ ಬರೆದ ಮೇಲೆ ಇನ್ನೊಬ್ಬರಿಂದ ಓದಿಸಿ. ಪ್ರತಿ ಸೆಟ್ಟಿಗೆ ನಿಮಗಿರುವುದು ಮೂವತ್ತು ಸೆಕೆಂಡಿನ ಎರಡು ಟೈಮ್‌ಔಟ್, ಆರು ಬದಲಾವಣೆ. ಸತತ ಮೂರು ಅಂಕ ಹೋದಾಗ ಟೈಮ್‌ಔಟ್ ಕೇಳಿ. ಆರು ಹೋಗುವವರೆಗೆ ಕಾಯಬೇಡಿ. ಆ ಅರ್ಧ ನಿಮಿಷದಲ್ಲಿ ಒಂದೇ ಮಾತು ಹೇಳಿ. ‘ಅವರ ನಾಲ್ಕನೇ ನಂಬರಿನ ಸರ್ವ್ ಗಿಡ್ಡ ಬೀಳುತ್ತಿದೆ, ಒಂದು ಹೆಜ್ಜೆ ಮುಂದೆ ನಿಲ್ಲಿ’ ಎಂಬಂಥ ಮಾತು ಅವರ ಕಾಲಿಗೆ ತಲುಪುತ್ತದೆ. ‘ಮನಸ್ಸಿಟ್ಟು ಆಡಿ’ ಎಂಬುದು ಎಲ್ಲಿಗೂ ತಲುಪುವುದಿಲ್ಲ. ರೆಫ್ರಿಯೊಂದಿಗೆ ಮಾತನಾಡುವ ಹಕ್ಕು ನಾಯಕನದು. ನೀವು ಕಿರುಚಾಡಿ ಕೆಂಪು ಕಾರ್ಡ್ ಪಡೆದರೆ ಅಂಕವೂ ಸರ್ವ್‌ವೂ ಎದುರಾಳಿಗೆ ಹೋಗುತ್ತವೆ.

ಮಕ್ಕಳ ಮೈ, ಮನೆಯವರ ಮನಸ್ಸು

ಗಟ್ಟಿ ಮಣ್ಣಿನ ಅಥವಾ ಕಾಂಕ್ರೀಟಿನ ಅಂಕಣದಲ್ಲಿ ದಿನವೂ ಹಾರಿಸಿದರೆ ಮಂಡಿಚಿಪ್ಪಿನ ಕೆಳಗಿನ ಸ್ನಾಯುಬಂಧ ನೋಯತೊಡಗುತ್ತದೆ. ಹಾರುವ ಅಭ್ಯಾಸವನ್ನು ವಾರಕ್ಕೆ ಮೂರು ದಿನಕ್ಕೆ ಮಿತಿಗೊಳಿಸಿ, ಉಳಿದ ದಿನ ಸರ್ವ್, ರಿಸೀವ್, ನೆಲದ ಕೆಲಸ. ಪಾದ ಹೊರಳಿ ಊದಿಕೊಳ್ಳುವುದು ಹೆಚ್ಚಾಗಿ ನೆಟ್ಟಿನ ಕೆಳಗೆ, ಒಬ್ಬನ ಕಾಲಿನ ಮೇಲೆ ಇನ್ನೊಬ್ಬ ಇಳಿದಾಗ. ಐಸ್ ಇಟ್ಟು, ಬಟ್ಟೆ ಸುತ್ತಿ, ಕಾಲು ಎತ್ತರದಲ್ಲಿಟ್ಟು, ವೈದ್ಯರಿಗೆ ತೋರಿಸಿ. ಎಣ್ಣೆ ಹಚ್ಚಿ ತಿಕ್ಕುವವರನ್ನು ಹತ್ತಿರ ಬಿಡಬೇಡಿ. ಡಿಸೆಂಬರ್, ಜನವರಿಯ ಪುಣೆಯ ಬೆಳಗಿನ ಚಳಿಯಲ್ಲಿ ಮೈ ಬಿಸಿಯಾಗುವ ಮೊದಲು ಒಂದು ಸ್ಮ್ಯಾಷ್ ಕೂಡ ಬೇಡ.

ಹುಡುಗಿಯರ ತಂಡ ಕಟ್ಟುವುದಕ್ಕೆ ನೀವು ಮನೆಮನೆಗೆ ಹೋಗಬೇಕಾಗಬಹುದು. ಹಡಪ್ಸರದ ಒಂದು ಮನೆಯಲ್ಲಿ ನಡೆದ ಮಾತು ನೆನಪಿದೆ. ಜೇವರ್ಗಿ ಕಡೆಯ ಕುಟುಂಬ. ತಂದೆ ಕಟ್ಟಡದ ಮೇಸ್ತ್ರಿ. ತಾಯಿ ಚಹಾ ಕೊಟ್ಟು ಕೇಳಿದರು: “ಸರ್, ನಾಸಿಕಕ್ಕೆ ಹೋದರೆ ರಾತ್ರಿ ಎಲ್ಲಿ ಉಳಿಯುತ್ತಾರೆ? ಜೊತೆಗೆ ಹೆಂಗಸರು ಯಾರು ಇರುತ್ತಾರೆ?”

“ಅಕ್ಕಾ, ಕಾಲೇಜಿನ ಮೇಡಂ ಒಬ್ಬರು ಬರುತ್ತಾರೆ. ಅವರ ನಂಬರ್ ಬರೆದುಕೊಳ್ಳಿ. ಅಲ್ಲಿ ಹುಡುಗಿಯರಿಗೆ ಬೇರೆ ಹಾಸ್ಟೆಲ್ ಇದೆ. ತಲುಪಿದ ಕೂಡಲೇ ಮಗಳೇ ಫೋನ್ ಮಾಡುತ್ತಾಳೆ.”

ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಆ ಉತ್ತರ ನಿಮ್ಮ ಬಳಿ ಮೊದಲೇ ಸಿದ್ಧವಿರಬೇಕು, ಬಾಯಿಮಾತಿನಲ್ಲಿ ಮಾತ್ರವಲ್ಲ, ಪ್ರಾಂಶುಪಾಲರ ಸಹಿಯ ಪತ್ರದಲ್ಲಿ. ಮಹಿಳಾ ವ್ಯವಸ್ಥಾಪಕಿ ಇಲ್ಲದೆ ಪ್ರವಾಸ ಬೇಡ. ಸಂಜೆಯ ಅಭ್ಯಾಸ ಕತ್ತಲಾಗುವ ಮೊದಲು ಮುಗಿಯಲಿ. ಒಬ್ಬಳನ್ನೇ ಪ್ರತ್ಯೇಕವಾಗಿ ಕರೆದು ತರಬೇತಿ ಕೊಡುವ ಪದ್ಧತಿ ಇಟ್ಟುಕೊಳ್ಳಬೇಡಿ. 2013ರ ಕಾನೂನಿನಂತೆ ಕಾಲೇಜಿನಲ್ಲಿರುವ ಆಂತರಿಕ ದೂರು ಸಮಿತಿಯ ಸದಸ್ಯರ ಹೆಸರು ತಂಡದ ಪ್ರತಿಯೊಬ್ಬಳಿಗೂ ಗೊತ್ತಿರಲಿ. ಈ ವಿಷಯದಲ್ಲಿ ಸಡಿಲ ಬಿಡುವವರು ತರಬೇತುದಾರರಾಗಲು ತಕ್ಕವರಲ್ಲ.

ಹಣದ ಮಾತು

ಗೌರವಧನ ಎಷ್ಟು, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಪ್ರವಾಸದ ಭತ್ಯೆ ಬೇರೆಯೇ ಎಂಬುದನ್ನು ಸೇರುವ ಮೊದಲೇ ಬರಹದಲ್ಲಿ ಪಡೆಯಿರಿ. ತಂಡಕ್ಕೆ ಕೈಯಿಂದ ಖರ್ಚು ಮಾಡಿದ ರಸೀದಿಗಳನ್ನು ಅದೇ ವಾರ ಕೊಡಿ. ಮಾರ್ಚ್ ದಾಟಿದರೆ ಲೆಕ್ಕ ಮುಚ್ಚಿರುತ್ತದೆ. ಮೊದಲ ವರ್ಷಗಳಲ್ಲಿ ಒಂದೇ ಕಾಲೇಜಿನ ಹಣದಲ್ಲಿ ಪುಣೆಯಲ್ಲಿ ಬದುಕುವುದು ಕಷ್ಟ. ಬೆಳಿಗ್ಗೆ ಶಾಲೆಯೊಂದರ ತಂಡ, ಸಂಜೆ ಕಾಲೇಜು, ಏಪ್ರಿಲ್-ಮೇ ತಿಂಗಳಲ್ಲಿ ಬೇಸಿಗೆ ಶಿಬಿರ, ನಡುವೆ ರೆಫ್ರಿ ಕೆಲಸ, ಹಿಂಜವಡಿಯ ಕಂಪನಿಗಳ ತಂಡಗಳಿಗೆ ವಾರಾಂತ್ಯದ ಅಭ್ಯಾಸ: ಹೀಗೆ ಕೂಡಿಸಿಕೊಂಡೇ ಹಲವರು ಸಂಸಾರ ನಡೆಸುತ್ತಿದ್ದಾರೆ.

ನಿಮ್ಮ ಹೆಸರು ಬೆಳೆಯುವುದು ನಿಮ್ಮ ಹುಡುಗರಿಗೆ ಕೆಲಸ ಸಿಕ್ಕಾಗ. ರೈಲ್ವೆ, ಸೇನೆ, ಪೊಲೀಸ್ ಇಲಾಖೆಗಳು ಆಟಗಾರರನ್ನು ತೆಗೆದುಕೊಳ್ಳುತ್ತವೆ. ಮಹಾರಾಷ್ಟ್ರದ ಸರ್ಕಾರಿ ಹುದ್ದೆಗಳಲ್ಲಿ ಕ್ರೀಡಾಪಟುಗಳಿಗೆ ಶೇ. 5 ಮೀಸಲಾತಿ ಇದೆ. ಅದಕ್ಕೆ ಕ್ರೀಡಾ ಪ್ರಮಾಣಪತ್ರವನ್ನು ಕ್ರೀಡಾ ಇಲಾಖೆಯಿಂದ ಪರಿಶೀಲಿಸಿಕೊಳ್ಳಬೇಕು. ಪಂದ್ಯ ಮುಗಿದ ದಿನವೇ ಮೂಲ ಪ್ರಮಾಣಪತ್ರ, ಫಲಿತಾಂಶ ಪಟ್ಟಿ ಪಡೆದು ಪ್ರತಿ ತೆಗೆದಿಡಿ. ಐದು ವರ್ಷದ ಮೇಲೆ ಕೇಳಿಕೊಂಡು ಬರುವ ಹುಡುಗನಿಗೆ ಅದನ್ನು ಹುಡುಕಿಕೊಡುವುದಕ್ಕಿಂತ ದೊಡ್ಡ ಉಪಕಾರ ನಿಮ್ಮಿಂದ ಇನ್ನೊಂದಾಗದು.

ಮೇಲಿನ ಮೆಟ್ಟಿಲು

ನಿಮ್ಮ ಕಾಲೇಜಿನ ಇಬ್ಬರು ವಿಶ್ವವಿದ್ಯಾಲಯ ತಂಡಕ್ಕೆ ಆಯ್ಕೆಯಾದರೆ ಶಿಬಿರಕ್ಕೆ ಸಹಾಯ ಮಾಡುವುದಾಗಿ ಕ್ರೀಡಾ ವಿಭಾಗಕ್ಕೆ ಬರೆದು ಕೊಡಿ. ಆಯ್ಕೆದಾರ, ಸಹಾಯಕ, ತಂಡದ ವ್ಯವಸ್ಥಾಪಕ, ಕೊನೆಗೆ ವಿಶ್ವವಿದ್ಯಾಲಯ ತಂಡದ ತರಬೇತುದಾರ: ಈ ಕ್ರಮಕ್ಕೆ ಹಲವು ವರ್ಷ ಹಿಡಿಯುತ್ತದೆ. 2022ರಲ್ಲಿ ಶುರುವಾದ ಪ್ರೈಮ್ ವಾಲಿಬಾಲ್ ಲೀಗ್‌ನಲ್ಲಿ ಮುಂಬೈ, ಬೆಂಗಳೂರು ಹೆಸರಿನ ತಂಡಗಳಿವೆ; ಅಂಕಿಅಂಶ, ವಿಡಿಯೊ ವಿಶ್ಲೇಷಣೆ ಬಲ್ಲ ಯುವಕರಿಗೆ ಅಲ್ಲೂ ಕೆಲಸವಿದೆ. ತರಬೇತಿಗೆ ಸಿಗುವ ರಾಷ್ಟ್ರೀಯ ಗೌರವವಾದ ದ್ರೋಣಾಚಾರ್ಯ ಪ್ರಶಸ್ತಿಯನ್ನು ವಾಲಿಬಾಲ್‌ನಲ್ಲಿ ಪಡೆದವರು ಎ. ರಮಣರಾವ್, ಜಿ.ಇ. ಶ್ರೀಧರನ್ ಅವರಂಥವರು, ಬೆರಳೆಣಿಕೆಯಷ್ಟು ಮಂದಿ.

ಕಾಯಂ ಹುದ್ದೆಯ ಜಾಹೀರಾತು ಬಂದಾಗ ಪುಣೆಗೆ ಅಂಟಿಕೊಂಡು ಕೂರಬೇಡಿ. ನಾಸಿಕ್, ಮುಂಬೈ, ಗೋವಾ ಎಲ್ಲ ಕಡೆಗೂ ಅರ್ಜಿ ಹಾಕಿ. ಸಂದರ್ಶನಕ್ಕೆ ಹೋಗುವ ದಿನ ಒಂದು ಗಂಟೆ ಮೊದಲೇ ತಲುಪಿ ಮೈದಾನ ನೋಡಿ. ಅಂಕಣದ ಸುತ್ತ ಕನಿಷ್ಠ ಮೂರು ಮೀಟರ್ ಖಾಲಿ ಜಾಗವಿದೆಯೇ, ಕಂಬಗಳು ನೆಟ್ಟಗಿವೆಯೇ, ಹುಡುಗಿಯರಿಗೆ ಬಟ್ಟೆ ಬದಲಿಸುವ ಕೋಣೆ ಇದೆಯೇ ಎಂದು ಗಮನಿಸಿ. ಒಳಗೆ ಕರೆದಾಗ ಅವರ ಪ್ರಶ್ನೆಗಳಿಗೆ ಉತ್ತರಿಸಿ, ನಂತರ ನೀವೂ ಕೇಳಿ: ವರ್ಷಕ್ಕೆ ಎಷ್ಟು ಚೆಂಡು ಕೊಡುತ್ತೀರಿ, ಮಳೆಗಾಲದಲ್ಲಿ ಯಾವ ಜಾಗ ಕೊಡುತ್ತೀರಿ, ಹುಡುಗಿಯರ ತಂಡಕ್ಕೆ ಬೇರೆ ಅನುದಾನ ಇದೆಯೇ. ಉತ್ತರಗಳನ್ನು ಬರೆದುಕೊಂಡು ಬನ್ನಿ, ನೇಮಕಾತಿ ಪತ್ರ ಕೈಗೆ ಬಂದಾಗ ಸಹಿ ಹಾಕುವ ಮೊದಲು ಅದರೊಂದಿಗೆ ತಾಳೆ ನೋಡಿ.